ಭತ್ತ ಬೇಯಿಸಿದ ದಿನದ ಕತೆ

ಸಿದ್ಧಕಟ್ಟೆಯ ಹಾಲಿನ ಡೈರಿಗೆ ಬರುವವರು ಹೆದರುವುದು ಕುಸುಮಳ ಮೌನಕ್ಕೆ. ಅವಳು ಯಾರನ್ನೂ ಬೈಯುವುದಿಲ್ಲ. ಹಾಲಿಗೆ ಲ್ಯಾಕ್ಟೋಮೀಟರ್ ಇಳಿಸಿ, ಅದು ಎಲ್ಲಿಯವರೆಗೆ ಮುಳುಗಿತೆಂದು ಬಗ್ಗಿ ನೋಡಿ, ಮತ್ತೆ ತಲೆಯೆತ್ತಿ ಎದುರು ನಿಂತವರ ಮುಖ ನೋಡುತ್ತಾಳೆ. ನೀರು ಬೆರೆಸಿದವರು ಅಷ್ಟರಲ್ಲೇ ಬೆವರುತ್ತಾರೆ.

ಡೊಂಬಯ್ಯ ಮಾತ್ರ ಒಮ್ಮೆ ಬೆವರಲಿಲ್ಲ. ಹದಿನಾಲ್ಕು ವರ್ಷಗಳ ಹಿಂದಿನ ಮಾತು.

"ಮಳೆಗಾಲ ಅಲ್ಲವಾ ಕುಸುಮಾ, ದನ ನೀರು ಜಾಸ್ತಿ ಕುಡಿದದ್ದು," ಎಂದರು.

"ದನ ಕುಡಿದ ನೀರು ಎಲ್ಲಿಗೆ ಹೋಗ್ತದೆ ಅಂತ ದನಕ್ಕೆ ಗೊತ್ತುಂಟು ಡೊಂಬಯ್ಯಣ್ಣ. ಹಾಲಿಗೆ ಬರಬೇಕಾದರೆ ಯಾರಾದರೂ ಚೊಂಬು ಹಿಡಿಯಬೇಕು."

"ಹಾಗಾದರೆ ನಾನು ಹಿಡಿದೆ ಅಂತವಾ?"

"ನಾನು ಹೇಳಲಿಲ್ಲ. ದನ ಹಿಡಿದಿರಲಿಕ್ಕಿಲ್ಲ ಅಂತ ಮಾತ್ರ ಹೇಳಿದೆ."

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಗುರುವಪ್ಪ. ಅವರು ನಿವೃತ್ತ ಬಸ್ ಕಂಡಕ್ಟರ್. ಬಂಟ್ವಾಳ–ಮೂಡುಬಿದಿರೆ ಬಸ್ಸಿನಲ್ಲಿ ಮೂವತ್ತು ವರ್ಷ ಟಿಕೆಟ್ ಹರಿಯುತ್ತ ಯಕ್ಷಗಾನದ ಪದ್ಯ ಗುನುಗಿದವರು. ಕ್ಯಾನು ಕೆಳಗಿಟ್ಟು ಅವರು ಹೇಳಿದರು:

"ಇಷ್ಟು ಚೆಂದ ವಾದ ಮಾಡುವವಳು ಡೈರಿಯಲ್ಲಿ ಎಂತ ಮಾಡ್ತಿದ್ದಿ ಮಾರಾಯ್ತಿ? ಭಾನುವಾರ ಉಸ್ಮಾನ್‌ನ ಅಂಗಡಿಗೆ ಬಾ. ಅರ್ಥ ಹೇಳುವಂತೆ."

ಹಾಗೆ ಕುಸುಮ ತಾಳಮದ್ದಳೆಗೆ ಬಂದಳು. ತಾಳಮದ್ದಳೆಯೆಂದರೆ ಯಕ್ಷಗಾನವೇ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಎದುರುಬದುರು ಕುಳಿತವರು ಪಾತ್ರವೇ ಆಗಿ ಅದರ ಅರ್ಥ ಹೇಳುತ್ತಾರೆ. ಬರೆದುಕೊಟ್ಟ ಮಾತು ಇರುವುದಿಲ್ಲ. ಎದುರಿನವರು ಏನು ಹೇಳುತ್ತಾರೋ ಅದಕ್ಕೆ ಆ ಕ್ಷಣದಲ್ಲೇ, ಪಾತ್ರ ಬಿಡದೆ, ಉತ್ತರ ಕೊಡಬೇಕು. ಪಾತ್ರ ಬಿಟ್ಟು ಮಾತಾಡಿದರೆ ಸೋತ ಹಾಗೆ. ಇನ್ನೊಂದು ಕಟ್ಟಳೆಯೂ ಉಂಟು. ಅರ್ಥದಲ್ಲಿ ಎಷ್ಟು ಚುಚ್ಚಿದರೂ, ಮಂಗಳ ಹಾಡಿದ ಮೇಲೆ ಎಲ್ಲರೂ ಒಂದೇ ಫ್ಲಾಸ್ಕಿನ ಚಹಾ ಕುಡಿಯಬೇಕು. ಒಳಗೆ ಆಡಿದ್ದು ಪಾತ್ರದ್ದು, ಹೊರಗೆ ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವ ಹಾಗಿಲ್ಲ.

ಕುಸುಮಳಿಗೆ ಈ ಕಟ್ಟಳೆ ಬಹಳ ಹಿಡಿಸಿತ್ತು. ಮದುವೆ ಕೂಡಿಬಾರದ, ಬೆಳಗ್ಗೆ ಸಂಜೆ ಹಾಲು ಅಳೆಯುವ, ಉಳಿದ ಹೊತ್ತು ತಾಯಿ ಕಾವೇರಮ್ಮನ ಮಂಡಿನೋವಿಗೆ ಎಣ್ಣೆ ತಿಕ್ಕುವ ಹೆಂಗಸು ಭಾನುವಾರ ಮಧ್ಯಾಹ್ನ ಭೀಷ್ಮನಾಗಬಹುದು, ವಾಲಿಯಾಗಬಹುದು. ಊರಿನಲ್ಲಿ ಎಲ್ಲಿಯೂ ಆಡಲಾಗದ ಮಾತನ್ನು ಅಲ್ಲಿ ಆಡಿ, ಚಹಾ ಕುಡಿದು ಮನೆಗೆ ಬರಬಹುದು.

ಉಸ್ಮಾನ್‌ನದು ಮೈಕ್ ಸೆಟ್ಟಿನ ಅಂಗಡಿ. ಹಿಂದಿನ ಕೋಣೆಯಲ್ಲಿ ಸ್ಪೀಕರ್ ಪೆಟ್ಟಿಗೆಗಳೇ ಕುರ್ಚಿ. ಅಲ್ಲಿ ಸೇರುವವರಿಗೆ ಸಂಘವೆಂಬ ಹೆಸರಿಲ್ಲ, ಬೋರ್ಡಿಲ್ಲ. ಗುರುವಪ್ಪ ಹಾಡುತ್ತಿದ್ದರು. ಉಸ್ಮಾನ್ ಹಳೆಯ ಯಕ್ಷಗಾನ ಆಟಗಳ ಧ್ವನಿಮುದ್ರಣ ಹಾಕಿ, ಯಾವ ಭಾಗವತರು ಯಾವ ರಾಗವನ್ನು ಎಲ್ಲಿ ಎತ್ತಿದರು ಎಂದು ತೀರ್ಪು ಕೊಡುತ್ತಿದ್ದ. ಮೂಡುಬಿದಿರೆಯ ಕಾಲೇಜಿನಲ್ಲಿ ಓದುತ್ತ ಭರತನಾಟ್ಯ ಕಲಿಯುತ್ತಿದ್ದ ನಿಖಿತಾ ರಜೆಯಲ್ಲಿ ಬರುತ್ತಿದ್ದಳು. ಮತ್ತೆ ಶಾಲೆಯ ಜಲಜಾಕ್ಷಿ ಟೀಚರ್. ಕುಸುಮಳ ಎದುರು ಅರ್ಥ ಹೇಳಲು ಅವರಷ್ಟು ಸಮರ್ಥರು ಇರಲಿಲ್ಲ. ಕುಸುಮ ರಾಮನಾದರೆ ಟೀಚರ್ ಪರಶುರಾಮ, ಕುಸುಮ ಅರ್ಜುನನಾದರೆ ಟೀಚರ್ ಬಭ್ರುವಾಹನ. ಹದಿನಾಲ್ಕು ವರ್ಷ ಎದುರುಬದುರು ಕುಳಿತು ಜಗಳವಾಡಿದ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಎಷ್ಟು ಹತ್ತಿರವಾಗುತ್ತಾರೆಂಬುದು ಹಾಗೆ ಕುಳಿತವರಿಗೇ ಗೊತ್ತು.

ಕಳೆದ ವರ್ಷ ಶ್ರಾವಣದಲ್ಲಿ ಕೋಣೆಯಲ್ಲಿ ಕರ್ಣನ ಚರ್ಚೆ ಎದ್ದಿತು. ಯುದ್ಧಕ್ಕೆ ಮುಂಚೆ ಕುಂತಿ ಕರ್ಣನನ್ನು ಹುಡುಕಿಕೊಂಡು ಬಂದು, ನೀನು ನನ್ನ ಮಗ ಎನ್ನುವ ಭಾಗ. ಗುರುವಪ್ಪ ಕುಂತಿಯ ಪದ್ಯವನ್ನು ನಿಧಾನವಾಗಿ ಹಾಡಿ ಮುಗಿಸಿದಾಗ ನಿಖಿತಾ ಎದ್ದು ನಿಂತು, ಎರಡು ಕೈಯಲ್ಲಿ ಮಗುವನ್ನು ಹಿಡಿದ ಹಾಗೆ ಮಾಡಿ, ಬಗ್ಗಿ ನೀರಿಗೆ ಬಿಟ್ಟು, ಖಾಲಿಯಾದ ಕೈಯನ್ನು ಹಾಗೆಯೇ ಹಿಡಿದುಕೊಂಡು ನಿಂತಳು.

"ನಮ್ಮ ಡ್ಯಾನ್ಸಿನಲ್ಲಿ ಇಷ್ಟೇ," ಎಂದಳು. "ಬಿಟ್ಟ ಮೇಲೂ ಕೈ ಕೆಳಗೆ ಇಳಿಸಲಿಕ್ಕಿಲ್ಲ. ಆ ಕೈಯೇ ಕುಂತಿ."

"ಚೆಂದ ಉಂಟು," ಎಂದ ಉಸ್ಮಾನ್. "ಆದರೆ ನನಗೊಂದು ಸಂಶಯ. ಇಷ್ಟು ಪ್ರೀತಿ ಇದ್ದರೆ ಇಷ್ಟು ವರ್ಷ ಎಲ್ಲಿಗೆ ಹೋಗಿದ್ದಳು? ಯುದ್ಧ ಬಂತು ಅಂತ ಬಂದದ್ದಲ್ಲವಾ?"

"ಉಸ್ಮಾನ್, ನೀನು ಪಾಂಡವರ ಪಕ್ಷವಾ ಕೌರವರ ಪಕ್ಷವಾ?" ಎಂದು ಗುರುವಪ್ಪ ಕೆಣಕಿದರು.

"ನಾನು ಮೈಕಿನ ಪಕ್ಷ. ಯಾರು ಚೆಂದ ಹೇಳ್ತಾರೋ ಅವರ ಸ್ವರ ಏರಿಸ್ತೇನೆ."

ನಗು ಇಳಿದ ಮೇಲೆ ಕುಸುಮ ಹೇಳಿದಳು: "ಬಿಟ್ಟದ್ದಕ್ಕೆ ಕರ್ಣನಿಗೆ ಸಿಟ್ಟಿಲ್ಲ. ಬಿಟ್ಟದ್ದು ಅವನಿಗೆ ನೆನಪೇ ಇಲ್ಲವಲ್ಲ. ಅವಳು ಬಂದ ದಿನ ಕೈಯಲ್ಲಿ ಒಂದು ಬೇಡಿಕೆ ಹಿಡಿದುಕೊಂಡು ಬಂದಳಲ್ಲ, ಸಿಟ್ಟು ಅದಕ್ಕೆ. ಬರೀ ಕೈಯಲ್ಲಿ ಬಂದಿದ್ದರೆ ಅವನು ಬಹುಶಃ ಕಾಲಿಗೆ ಬೀಳ್ತಿದ್ದ. ಮತ್ತೆ, ಅವನಿಗೆ ಭಯ ಇದ್ದದ್ದು ಒಂದೇ. ಈ ಸುದ್ದಿ ರಾಧೆಯ ಕಿವಿಗೆ ಬಿದ್ದರೆ ಎಂತ ಅಂತ."

ಸಾಕುತಾಯಿ ರಾಧೆಯ ವಿಷಯ ಅಲ್ಲಿಯವರೆಗೆ ಯಾರೂ ಎತ್ತಿರಲಿಲ್ಲ. ಗುರುವಪ್ಪ ಜಾಗಟೆಯನ್ನು ಮಡಿಲಿನಿಂದ ಇಳಿಸಿ ಕೆಳಗಿಟ್ಟರು.

ಅಂದು ಮನೆಯ ಕಡೆಗೆ ನಡೆಯುವಾಗ ಜಲಜಾಕ್ಷಿ ಕೇಳಿದರು, "ಆ ಮಾತು ನಿನಗೆ ಎಲ್ಲಿ ಸಿಕ್ಕಿತು ಕುಸುಮಾ? ಪುಸ್ತಕದಲ್ಲಿ ಇಲ್ಲ ಅದು."

ಇಪ್ಪತ್ತೈದು ವರ್ಷ ಯಾರಿಗೂ ಹೇಳದ್ದನ್ನು ಕುಸುಮ ಅಂದು ರಸ್ತೆಬದಿಯಲ್ಲಿ, ಹಳೆಯ ಮೋರಿಕಟ್ಟೆಯ ಮೇಲೆ ಕುಳಿತು ಹೇಳಿದಳು.

ಇಪ್ಪತ್ತೆರಡರ ವಯಸ್ಸಿನಲ್ಲಿ ಡೈರಿಯ ಕೆಲಸಕ್ಕೆ ಅರ್ಜಿ ಹಾಕಲು ಜನನ ಪ್ರಮಾಣಪತ್ರ ಬೇಕಾಗಿತ್ತು. ಕಾವೇರಮ್ಮನ ತವರು ಕಕ್ಕಿಂಜೆ, ಕುಸುಮ ಹುಟ್ಟಿದ್ದು ಅಲ್ಲಿಯೇ. ಆದ್ದರಿಂದ ಬೆಳ್ತಂಗಡಿಯ ತಾಲೂಕು ಕಚೇರಿಗೆ ಹೋದಳು. ಗುಮಾಸ್ತರು ಹಳೆಯ ಪುಸ್ತಕ ತೆಗೆದು ತಾರೀಕು ಹುಡುಕಿ ಅವಳ ಕಡೆಗೆ ತಿರುಗಿಸಿದರು. ತಾಯಿಯ ಹೆಸರಿನ ಜಾಗದಲ್ಲಿ ಕಾವೇರಮ್ಮ ಇರಲಿಲ್ಲ, ಕಾವೇರಮ್ಮನ ಅಕ್ಕ ಇದ್ದರು. ಗಂಡುಮಕ್ಕಳಿಲ್ಲದ ಆ ತವರುಮನೆಯಲ್ಲೇ ಸಂಸಾರ ಹೂಡಿದ್ದ, ಅದಾಗಲೇ ನಾಲ್ಕು ಮಕ್ಕಳಿದ್ದ, ಕುಸುಮ ಹುಟ್ಟಿದಾಗಿನಿಂದ ದೊಡ್ಡಮ್ಮ ಎಂದು ಕರೆದ ಹೆಂಗಸು. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗದ ತಂಗಿಗೆ ಐದನೆಯ ಮಗುವನ್ನು ಕೊಟ್ಟಿದ್ದರು.

ಮನೆಗೆ ಬಂದಾಗ ಕಾವೇರಮ್ಮ ಜಗಲಿಯಲ್ಲೇ ನಿಂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ.

"ಸಿಕ್ಕಿತಾ ಮಗಾ?"

"ಇಲ್ಲಮ್ಮ. ಆ ವರ್ಷದ ಪುಸ್ತಕ ಗೆದ್ದಲು ತಿಂದಿದೆಯಂತೆ. ಶಾಲೆಯ ಸರ್ಟಿಫಿಕೇಟೇ ಸಾಕಂತೆ."

ಕಾವೇರಮ್ಮನ ಮುಖಕ್ಕೆ ಬಣ್ಣ ಮರಳಿದ್ದನ್ನು ಕುಸುಮ ಕಣ್ಣಾರೆ ಕಂಡಳು. ಈ ಸುಳ್ಳನ್ನು ಬದುಕಿರುವವರೆಗೆ ಕಾಯಬೇಕೆಂದು ಅವಳು ನಿರ್ಧರಿಸಿದ್ದು ಆಗಲೇ.

ಕಾಯಬೇಕಾದದ್ದು ಒಂದು ಕತೆಯನ್ನು. ದೀಪಾವಳಿ ಕಳೆದು ಎಂಟನೆಯ ದಿನ ಕುಸುಮ ಹುಟ್ಟಿದ್ದು. ಪ್ರತಿ ವರ್ಷ ಆ ದಿನ ಮಧ್ಯಾಹ್ನ, ಪಾಯಸ ಉಂಡ ಮೇಲೆ, ಕಾವೇರಮ್ಮ ಗೋಡೆಗೆ ಒರಗಿ ಕಾಲು ಚಾಚಿ ಅವಳು ಹುಟ್ಟಿದ ಕತೆ ಹೇಳುತ್ತಿದ್ದರು. ಕಕ್ಕಿಂಜೆಯ ಅಂಗಳದಲ್ಲಿ ಕುಚ್ಚಲಕ್ಕಿಗಾಗಿ ಭತ್ತ ಬೇಯಿಸುತ್ತಿದ್ದಾಗ ನೋವು ಬಂದದ್ದು. ಹಂಡೆಯ ಹಬೆಯಲ್ಲಿ ಕಣ್ಣು ಕಾಣದೆ ಅಮ್ಮನನ್ನು ಕೂಗಿದ್ದು. ಅಜ್ಜ ಜೀಪು ಹುಡುಕಿಕೊಂಡು ಓಡಿದ್ದು. ಬೆಳ್ತಂಗಡಿ ಆಸ್ಪತ್ರೆಯ ಗೇಟು ಕಾಣುವಾಗ ಜೀಪಿನಲ್ಲೇ ಹೆರಿಗೆಯಾದದ್ದು. ವರ್ಷದಿಂದ ವರ್ಷಕ್ಕೆ ಕತೆ ಬೆಳೆಯುತ್ತಿತ್ತು. ಒಂದು ವರ್ಷ ಜೀಪಿನ ಡ್ರೈವರ್‌ಗೆ ಮೀಸೆ ಬಂತು, ಇನ್ನೊಂದು ವರ್ಷ ಚಾರ್ಮಾಡಿ ಘಾಟಿಯ ಕಡೆಯಿಂದ ಮಂಜು ಇಳಿಯಿತು. ಕುಸುಮ ಪ್ರತಿ ಸಲ ಸರಿಯಾದ ಜಾಗದಲ್ಲಿ "ಮತ್ತೆ ಜೀಪು ಸಿಕ್ಕಿತಾ ಅಮ್ಮ?" ಎಂದು ಕೇಳುತ್ತಿದ್ದಳು. ಆ ಪ್ರಶ್ನೆ ಬಂದಾಗ ಕಾವೇರಮ್ಮನ ಸ್ವರ ಏರುತ್ತಿತ್ತು. ವರ್ಷದಲ್ಲಿ ಆ ಒಂದು ಗಂಟೆ ಅವರು ಹೆತ್ತವರು.

"ಎರಡು ವರ್ಷದ ಹಿಂದೆ ದೊಡ್ಡಮ್ಮ ಡೈರಿಗೆ ಬಂದಿದ್ದರು," ಎಂದು ಕುಸುಮ ಕೊನೆಯಲ್ಲಿ ಟೀಚರ್‌ಗೆ ಹೇಳಿದಳು. "ಮೊಮ್ಮಗ ನಿತೇಶನಿಗೆ ಡೈರಿಯಲ್ಲಿ ಕೆಲಸ ಕೊಡಿಸಬೇಕಿತ್ತು. ನನ್ನ ಕೈ ಹಿಡಿದು, ನಿನ್ನ ಮೇಲೆ ನನಗೆ ಹಕ್ಕುಂಟು, ಅದು ನಿನಗೆ ಗೊತ್ತಿಲ್ಲ ಅಂದರು. ಗೊತ್ತುಂಟು ಅಂತ ನಾನು ಹೇಳಲಿಲ್ಲ. ಕೆಲಸ ಕೊಡಿಸಿದೆ. ಅಷ್ಟೇ."

ಜಲಜಾಕ್ಷಿಯ ಕಣ್ಣು ತುಂಬಿತ್ತು. "ನನ್ನ ಹೊಟ್ಟೆಯಲ್ಲಿ ಇರ್ತದೆ ಇದು," ಎಂದರು. "ಅಲ್ಲಿಂದ ಹೊರಗೆ ಬರುವುದಿಲ್ಲ."

ನವರಾತ್ರಿಗೆ ಮೂಡುಬಿದಿರೆಯ ಸಭಾಭವನದಲ್ಲಿ ಒಂದು ಕಾರ್ಯಕ್ರಮವಿತ್ತು. ಒಂದೇ ಪುರಾಣಕತೆಯನ್ನು ಮೊದಲು ನೃತ್ಯದಲ್ಲಿ, ಆಮೇಲೆ ತಾಳಮದ್ದಳೆಯಲ್ಲಿ ತೋರಿಸುವುದು. ಕತೆ ಕರ್ಣ–ಕುಂತಿಯರದು. ನೃತ್ಯಕ್ಕೆ ನಿಖಿತಾಳ ಗುರುಗಳ ತಂಡ, ತಾಳಮದ್ದಳೆಗೆ ಸಿದ್ಧಕಟ್ಟೆಯವರು. ಕರ್ಣ ಕುಸುಮ, ಕುಂತಿ ಜಲಜಾಕ್ಷಿ.

ಮಂಡಿನೋವಿನಿಂದ ಎಲ್ಲಿಗೂ ಹೋಗದ ಕಾವೇರಮ್ಮ, "ಈ ಸಲ ನಾನೂ ಬರ್ತೇನೆ," ಎಂದರು. "ಊರೆಲ್ಲ ನಿನ್ನ ಅರ್ಥ ಕೇಳಿದೆ, ಹೆತ್ತವಳು ಕೇಳಲಿಲ್ಲ ಅಂದರೆ ಎಂತ ಚೆಂದ?" ಮೈಕ್ ಸಾಗಿಸುವ ವ್ಯಾನಿನಲ್ಲಿ ಡ್ರೈವರ್ ಪಕ್ಕದ ಸೀಟಿಗೆ ಮೆತ್ತೆ ಹಾಸಿ ಉಸ್ಮಾನ್ ಅವರನ್ನು ಕೂರಿಸಿದ.

ಹೊರಡುವ ಮುಂಚೆ ಕುಸುಮ ಟೀಚರನ್ನು ಬದಿಗೆ ಕರೆದಳು.

"ಅಮ್ಮ ಬರ್ತಿದ್ದಾರೆ. ರಾಧೆಯ ವಿಷಯ ಬಂದರೆ ಬೇಗ ದಾಟಿಸಿಬಿಡುವ."

"ಎಂತ ಕುಸುಮಾ, ನಾನು ಸಣ್ಣ ಮಗುವಾ?" ಜಲಜಾಕ್ಷಿ ಅವಳ ಭುಜ ತಟ್ಟಿದರು. "ನೀನು ಧೈರ್ಯದಲ್ಲಿ ಅರ್ಥ ಹೇಳು."

ನೃತ್ಯ ಮೊದಲು ನಡೆಯಿತು. ನಿಖಿತಾ ಕುಂತಿಯಾಗಿ ಮಗುವನ್ನು ಹೊಳೆಗೆ ಬಿಟ್ಟು, ಖಾಲಿ ಕೈಗಳನ್ನು ಹಾಗೆಯೇ ಹಿಡಿದು ನಿಂತಾಗ ಸಭೆ ಉಸಿರು ಬಿಡಲಿಲ್ಲ. ಆಮೇಲೆ ಚಪ್ಪಾಳೆ ನಿಲ್ಲಲೇ ಇಲ್ಲ. ಪರದೆ ಬಿದ್ದದ್ದೇ ಅರ್ಧ ಜನ ಎದ್ದರು. ಸಂಘಟಕರಲ್ಲೊಬ್ಬರು ವೇದಿಕೆಯ ಹಿಂದೆ ಬಂದು, "ಟೀಚರ್, ನಿಮ್ಮದು ಸ್ವಲ್ಪ ಚುರುಕಾಗಲಿ. ಬರೀ ಮಾತು ಅಂದರೆ ಈಗಿನವರು ಕೂರುವುದಿಲ್ಲ," ಎಂದರು. ಜಲಜಾಕ್ಷಿಯ ಮುಖ ಕೆಂಪಾದದ್ದನ್ನು ಕುಸುಮ ನೋಡಿದಳು. ನೋಡಿ, ನಾಚಿಕೆಯೆಂದುಕೊಂಡಳು.

ಮೊದಲ ಅರ್ಧ ಗಂಟೆ ಎಂದಿನಂತೆಯೇ ಹೋಯಿತು. ಎರಡನೆಯ ಸಾಲಿನಲ್ಲಿ ಕಾವೇರಮ್ಮ ಆಮಂತ್ರಣ ಪತ್ರಿಕೆಯಿಂದ ಗಾಳಿ ಹಾಕಿಕೊಳ್ಳುತ್ತ, ಮಗಳು ಮಾತಾಡಿದಾಗಲೆಲ್ಲ ಪಕ್ಕದವರ ಕಡೆಗೆ ನೋಡುತ್ತಿದ್ದರು. ಹಿಂದಿನ ಕುರ್ಚಿಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ಗುರುವಪ್ಪ ಕುಂತಿಯ ಪದ್ಯ ಹಾಡಿದರು. ಕುಸುಮ ಕರ್ಣನಾಗಿ, ಇಷ್ಟು ಕಾಲ ತಿಳಿಯದಿದ್ದ ಈ ಸತ್ಯವನ್ನು ಯುದ್ಧದ ಹಿಂದಿನ ದಿನವೇ ಏಕೆ ತಂದಿರಿ ತಾಯೇ ಎಂದು ಕೇಳಿದಳು. ಆಗ ಜಲಜಾಕ್ಷಿ ಮೈಕಿನ ಹತ್ತಿರಕ್ಕೆ ಬಾಗಿದರು.

"ತಿಳಿಯದಿದ್ದ ಸತ್ಯವೇ ಮಗನೇ? ಅಲ್ಲ. ಅರಮನೆಯ ಓಲೆಗಳ ಕಟ್ಟಿನಲ್ಲಿ ನಿನ್ನ ಹುಟ್ಟಿನ ಓಲೆಯನ್ನು ಯೌವನದಲ್ಲೇ ಬಿಚ್ಚಿ ಓದಿದವನು ನೀನು. ಹೆತ್ತವಳ ಹೆಸರು ಕಂಡವನು ನೀನು. ಮನೆಗೆ ಮರಳಿದಾಗ ರಾಧೆ ಕೇಳಿದಳು, ಓಲೆ ಸಿಕ್ಕಿತೇ ಮಗನೇ ಎಂದು. ನೀನೇನೆಂದೆ? ಗೆದ್ದಲು ತಿಂದಿದೆ ಎಂದೆ!"

ಎದ್ದು ಹೊರಟವರು ನಿಂತರು. ಇಂಥ ಕಲ್ಪನೆಯನ್ನು ಅವರು ಕೇಳಿದ್ದಿಲ್ಲ. ಟೀಚರ್ ಇಷ್ಟಕ್ಕೆ ನಿಲ್ಲಿಸುತ್ತಾರೆ ಎಂದುಕೊಂಡಳು ಕುಸುಮ. ಓಲೆ, ಗೆದ್ದಲು, ಇಷ್ಟರಿಂದ ಅಮ್ಮನಿಗೆ ಗೊತ್ತಾಗಲಿಕ್ಕಿಲ್ಲ. ಆದರೆ ಜನ ಕುಳಿತುಕೊಳ್ಳುತ್ತಿದ್ದುದನ್ನು ಜಲಜಾಕ್ಷಿ ನೋಡಿದ್ದರು.

"ವರ್ಷ ವರ್ಷವೂ ಆ ಮುಗ್ಧೆ ನಿನ್ನನ್ನು ಹೆತ್ತ ಕತೆ ಹೇಳುತ್ತಾಳೆ. ತವರಿನ ಅಂಗಳದಲ್ಲಿ ಭತ್ತ ಬೇಯಿಸುತ್ತಿದ್ದಾಗ ನೋವು ಬಂತು ಎನ್ನುತ್ತಾಳೆ. ಎಲ್ಲವನ್ನೂ ಬಲ್ಲ ನೀನು, ಏನೂ ಅರಿಯದವನಂತೆ, ಮತ್ತೇನಾಯಿತಮ್ಮ ಎಂದು ಕೇಳುತ್ತೀಯೆ. ಜಗತ್ತು ನಿನ್ನನ್ನು ದಾನಶೂರ ಎನ್ನುತ್ತದೆ. ಆ ತಾಯಿಗೆ ಒಂದು ಸತ್ಯವನ್ನು ದಾನ ಮಾಡಲು ನಿನ್ನ ಕೈ ಏಳಲಿಲ್ಲವಲ್ಲ ಕರ್ಣಾ!"

ಸಭೆ ಚಪ್ಪಾಳೆಯಲ್ಲಿ ಮುಳುಗಿತು. ಎರಡನೆಯ ಸಾಲಿನಲ್ಲಿ ಆಮಂತ್ರಣ ಪತ್ರಿಕೆಯ ಗಾಳಿ ನಿಂತಿತ್ತು.

ಉತ್ತರ ಕೊಡಬೇಕಾದವಳು ಕುಸುಮ. ಕತೆ ಮುಂದೆ ಹೋಗಬೇಕಾದರೆ ಕರ್ಣ ಹೌದೆನ್ನಬೇಕು, ತಾನು ಮಗನೆಂದು ಅವನು ಒಪ್ಪದೆ ಕುಂತಿ ವರ ಬೇಡುವ ಹಾಗಿಲ್ಲ. ಅದು ಗೊತ್ತಿದ್ದೂ ಕುಸುಮ, "ಇದು ಯಾರೋ ಕಟ್ಟಿದ ಮಾತು ತಾಯೇ. ಅಂಥ ಓಲೆಯನ್ನು ನಾನು ಕಂಡಿಲ್ಲ," ಎಂದಳು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವಳು ಪ್ರಸಂಗದ ದಾರಿ ತಪ್ಪಿಸಿದ್ದಳು. ಟೀಚರ್‌ಗೆ ಅರ್ಥವಾಗಬೇಕು, ಇಲ್ಲಿಗೆ ಬಿಡಬೇಕು ಎಂಬುದೇ ಅದರ ಉದ್ದೇಶ.

ಜಲಜಾಕ್ಷಿಗೆ ಅದು ಎದುರಾಳಿ ಹಾಕಿದ ಪಟ್ಟಿನಂತೆ ಕಂಡಿತು. ಕಣ್ಣು ಮಿಂಚಿತು.

"ಕಂಡಿಲ್ಲವೇ? ಹಾಗಾದರೆ ದಿನವೂ ನೀನು ಅರ್ಘ್ಯ ಕೊಡುವ ಆ ಸೂರ್ಯನನ್ನು ಸಾಕ್ಷಿ ಇಟ್ಟು ಹೇಳು. ಕರ್ಣ ಸುಳ್ಳು ಆಡಿದನೆಂದು ನಾನು ಕೇಳಿಲ್ಲ."

ಕುಸುಮ ಬಾಯಿ ತೆರೆದಳು. ಸ್ವರ ಬರಲಿಲ್ಲ. ಏನೋ ಎಡವಟ್ಟಾಗಿದೆಯೆಂದು ತಿಳಿದ ಗುರುವಪ್ಪ ಅದೇ ಪದ್ಯವನ್ನು ಮತ್ತೊಮ್ಮೆ ಎತ್ತಿಕೊಂಡರು. ಅದೂ ಮುಗಿಯಿತು. ಸಭೆಯೆಲ್ಲ ಕಾಯುತ್ತಿತ್ತು. ಕಾವೇರಮ್ಮ ಸ್ವಲ್ಪ ಮುಂದಕ್ಕೆ ಬಾಗಿ, ವಿಚಾರಣೆಯ ತೀರ್ಪು ಕೇಳುವವರಂತೆ, ಮಗಳ ಬಾಯಿಯನ್ನೇ ನೋಡುತ್ತಿದ್ದರು. ಹಾಗೆ ನೋಡುವವರ ಎದುರು ಸೂರ್ಯನ ಹೆಸರೆತ್ತಿ ಸುಳ್ಳು ಹೇಳಲು ಕುಸುಮಳಿಂದ ಆಗಲಿಲ್ಲ.

"ಕಂಡಿದ್ದೇನೆ," ಎಂದಳು.

ಮತ್ತೆ ಚಪ್ಪಾಳೆ.

ಮಂಗಳ ಹಾಡಿದ ಮೇಲೆ ಫ್ಲಾಸ್ಕು ಬಿಚ್ಚಿದರು. ಜಲಜಾಕ್ಷಿಯ ಸುತ್ತ ಜನ. ಅವರು ಅಲ್ಲಿಂದ ಬಿಡಿಸಿಕೊಂಡು, ಎರಡು ಲೋಟ ಹಿಡಿದು, ಬೆಳಗುವ ಮುಖದಲ್ಲಿ ಬಂದರು.

"ಕುಸುಮಾ! ಹೇಗಾಯಿತು ನೋಡಿದೆಯಾ? ಆ ಕೊನೆಯ ಮೌನ ಉಂಟಲ್ಲ ನಿನ್ನದು, ಅಬ್ಬ! ತೆಗೆದುಕೋ, ಚಹಾ."

ಕುಸುಮ ಕೈ ಚಾಚಲಿಲ್ಲ.

"ಎಂತ? ಬೇಜಾರಾ? ಅದು ಕುಂತಿ ಹೇಳಿದ್ದು ಮಾರಾಯ್ತಿ, ನಾನಾ ಹೇಳಿದ್ದು? ನಿನ್ನ ಹೆಸರು ಎತ್ತಿದೆನಾ, ಊರಿನ ಹೆಸರು ಎತ್ತಿದೆನಾ? ಒಳಗಿನ ಮಾತು ಹೊರಗೆ ತರುವುದು ಇಷ್ಟು ವರ್ಷ ನಮ್ಮಲ್ಲಿ ಇರಲಿಲ್ಲ."

"ಹೊರಗಿನದನ್ನು ಒಳಗೆ ತಂದದ್ದು ನೀವು," ಎಂದಳು ಕುಸುಮ. "ಓಲೆ ಕುಂತಿಯದ್ದೇ ಇರಲಿ. ಭತ್ತ ಯಾರದ್ದು ಟೀಚರ್?"

ಜಲಜಾಕ್ಷಿ ಎರಡನೆಯ ಸಾಲಿನ ಕಡೆಗೆ ನೋಡಿದರು. ಕಾವೇರಮ್ಮ ಕುರ್ಚಿಯಿಂದ ಎದ್ದಿರಲಿಲ್ಲ. ಉಸ್ಮಾನ್ ಪಕ್ಕದಲ್ಲಿ ನಿಂತು, ಏಳಲು ಕೈ ಕೊಡಬೇಕೋ ಬೇಡವೋ ತಿಳಿಯದೆ ಕಾಯುತ್ತಿದ್ದ. ಟೀಚರ್ ಎರಡೂ ಲೋಟಗಳನ್ನು ವೇದಿಕೆಯ ಅಂಚಿನಲ್ಲಿಟ್ಟರು. "ಅವರು ಅಷ್ಟು ಸೂಕ್ಷ್ಮ ಹಿಡಿಯುತ್ತಾರೆ ಅಂತ..." ಎಂದು ಶುರುಮಾಡಿ ನಿಲ್ಲಿಸಿದರು. ಅಂದರೆ ಅವರು ಆ ಲೆಕ್ಕ ಹಾಕಿಯೇ ಹೇಳಿದ್ದರು. ಆವೇಶದಲ್ಲಿ ಬಾಯಿತಪ್ಪಿದ್ದಾಗಿದ್ದರೆ ಕುಸುಮ ಎಂದಾದರೂ ಮರೆಯುತ್ತಿದ್ದಳೇನೋ. ಹಳ್ಳಿಯ ಮುದುಕಿಗೆ ತಿಳಿಯಲಿಕ್ಕಿಲ್ಲ ಎಂದು ತೂಗಿ ನೋಡಿ ಆಡಿದ ಮಾತು ಅದು.

ಅದೇ ವ್ಯಾನಿನಲ್ಲಿ ಮರಳಿದರು. ಸಿದ್ಧಕಟ್ಟೆ ಹತ್ತಿರವಾದಾಗ ಉಸ್ಮಾನ್, "ಕಾವೇರಮ್ಮ, ಸೆಖೆ ಆಗ್ತದಾ? ಗ್ಲಾಸ್ ಇಳಿಸಲಾ?" ಎಂದು ಕೇಳಿದ. ಅವರು ತಲೆಯಾಡಿಸಿದರು. ಹೌದೆಂದೋ ಬೇಡವೆಂದೋ ತಿಳಿಯಲಿಲ್ಲ.

ಎರಡು ದಿನ ಕಾವೇರಮ್ಮ ಮಾತಾಡಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಕುಸುಮ ಗಂಜಿ ಬಡಿಸಿ, ಚಟ್ನಿಯ ಭರಣಿ ಹತ್ತಿರ ಇಟ್ಟಾಗ ಅವರು ಬಟ್ಟಲು ನೋಡುತ್ತಲೇ ಕೇಳಿದರು.

"ಗೆದ್ದಲು ತಿನ್ನಲಿಲ್ಲ ಹಾಗಾದರೆ."

"ಇಲ್ಲಮ್ಮ."

"ಇಪ್ಪತ್ತೈದು ವರ್ಷ ಆಯಿತು."

"ಹೌದು."

"ಟೀಚರ್‌ಗೆ ಹೇಳಿದ್ದಿ. ನನಗೆ ಹೇಳಲಿಲ್ಲ."

"ನಿಮಗೆ ನೋವಾಗ್ತದೆ ಅಂತ ಅಮ್ಮ..."

"ನನಗೆ ನೋವಾಗ್ತದೆ ಅಂತ ಹೇಳಿ ಪ್ರತಿ ವರ್ಷ ಕೂತು ಕೇಳಿದೆಯಾ?" ಕಾವೇರಮ್ಮ ಈಗ ತಲೆಯೆತ್ತಿದರು. ಕಣ್ಣಲ್ಲಿ ನೀರಿರಲಿಲ್ಲ. "ನಾನು ಮೀಸೆ ಅಂದೆ, ಮಂಜು ಅಂದೆ. ನೀನು ಜೀಪು ಸಿಕ್ಕಿತಾ ಅಂತ ಬೇರೆ ಕೇಳಿದೆ. ನಾನು ಸುಳ್ಳು ಹೇಳುವುದು ಗೊತ್ತಿದ್ದೂ ಎದುರು ಕೂತು ಹೇಳಿಸಿದೆ. ಒಳಗೆ ನಗು ಬರ್ತಿತ್ತಾ ನಿನಗೆ?"

"ಅಯ್ಯೋ ಅಮ್ಮ, ಇಲ್ಲ. ಒಂದು ದಿನವೂ ಇಲ್ಲ."

"ಆ ಟೀಚರ್ ಹೊರಗಿನವಳು. ಅವಳು ಒಂದು ದಿನ ಮಾಡಿದಳು. ನೀನು ವೇಷ ಕಟ್ಟದೆ ಇಪ್ಪತ್ತೈದು ವರ್ಷ ಆಟ ಆಡಿದೆಯಲ್ಲ ಮಗಾ, ನನ್ನ ಮನೆಯಲ್ಲೇ."

ಗಂಜಿ ತಣ್ಣಗಾಗಿ ಮೇಲೆ ಕೆನೆ ಕಟ್ಟಿತು.

ಆ ವಾರವೇ ಕಾರ್ಯಕ್ರಮದ ವಿಡಿಯೊ ಊರಿನ ಮೊಬೈಲುಗಳಲ್ಲೆಲ್ಲ ತಿರುಗಿತು. ಡೈರಿಯ ಸಾಲಿನಲ್ಲಿ ಡೊಂಬಯ್ಯ, "ಆ ಭತ್ತದ ಡೈಲಾಗು ಭಾರೀ ಮಾರಾಯ್ತಿ," ಎಂದಾಗ ಕುಸುಮ ಚೀಟಿ ಹರಿದು ಕೊಟ್ಟಳು. ದೊಡ್ಡಮ್ಮನ ಮೊಮ್ಮಗ ನಿತೇಶ ಮಾತ್ರ ಅವಳ ಮುಖ ನೋಡದೆ ಕ್ಯಾನು ಎತ್ತುತ್ತಿದ್ದ. ಕಕ್ಕಿಂಜೆಗೂ ಸುದ್ದಿ ಮುಟ್ಟಿರಬೇಕು. ಜಲಜಾಕ್ಷಿ ಒಂದು ಸಂಜೆ ಹಾಲು ಒಯ್ಯುವ ನೆವದಲ್ಲಿ ಬಂದು ಎಲ್ಲರೂ ಹೋಗುವವರೆಗೆ ನಿಂತರು.

"ತಪ್ಪಾಯಿತು ಕುಸುಮಾ. ನಾನು ಬಂದು ಅಮ್ಮನ ಹತ್ತಿರ ಮಾತಾಡ್ತೇನೆ. ಅದೆಲ್ಲ ನನ್ನ ಕಲ್ಪನೆ ಅಂತ ಹೇಳ್ತೇನೆ."

"ಬೇಡ. ಇನ್ನೊಂದು ಕತೆ ಅವರಿಗೆ ಬೇಡ."

"ಭಾನುವಾರ ಬರ್ತೀಯಲ್ಲ? ಗುರುವಪ್ಪಣ್ಣ ಕೇಳ್ತಿದ್ದರು."

ಕುಸುಮ ಲ್ಯಾಕ್ಟೋಮೀಟರನ್ನು ತೊಳೆದು ಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಯಲ್ಲಿಟ್ಟಳು. ಮತ್ತೆ ತಲೆಯೆತ್ತಿ, ಹಾಲಿಗೆ ನೀರು ಬೆರೆಸಿದವರನ್ನು ನೋಡುವಂತೆ ಟೀಚರ ಮುಖವನ್ನು ನೋಡಿದಳು. ಅವರು ಹಾಲಿನ ಪಾತ್ರೆ ಅಲ್ಲಿಯೇ ಮರೆತು ಹೋದರು. ಅದನ್ನು ಮರುದಿನ ಯಾರ ಕೈಯಲ್ಲೋ ಕಳಿಸಿಕೊಟ್ಟದ್ದಾಯಿತು. ಕುಸುಮ ಉಸ್ಮಾನ್‌ನ ಅಂಗಡಿಯ ಕಡೆಗೆ ಮತ್ತೆ ಹೋಗಲಿಲ್ಲ. ಭಾನುವಾರ ಮಧ್ಯಾಹ್ನ ಗಾಳಿ ಆ ಕಡೆಯಿಂದ ಬೀಸಿದರೆ ಗುರುವಪ್ಪನ ಜಾಗಟೆ ಮನೆಯವರೆಗೆ ಕೇಳಿಸುತ್ತದೆ. ಕೇಳಿಸಿದರೆ ಅವಳು ಬಾವಿಕಟ್ಟೆಗೆ ಹೋಗಿ ಪಾತ್ರೆ ತಿಕ್ಕುತ್ತಾಳೆ.

ದೀಪಾವಳಿ ಬಂತು, ಹೋಯಿತು. ಎಂಟನೆಯ ದಿನ ಕಾವೇರಮ್ಮ ಪಾಯಸ ಮಾಡಲಿಲ್ಲ. ಕುಸುಮಳೇ ಮಾಡಿದಳು. ಊಟವಾದ ಮೇಲೆ ಕಾವೇರಮ್ಮ ಗೋಡೆಗೆ ಒರಗದೆ, ಅಂಗಳದ ಕಡೆಗೆ ಮುಖಮಾಡಿ ಹೊಸ್ತಿಲ ಬಳಿ ಕುಳಿತರು. ಕುಸುಮ ಎಣ್ಣೆಯ ಬಾಟಲಿ ತಂದು ಅವರ ಮಂಡಿಯ ಹತ್ತಿರ ಕೂತಳು. ಬಹಳ ಹೊತ್ತು ತಿಕ್ಕಿದಳು. ಕೇಳಬಾರದೆಂದುಕೊಂಡಿದ್ದಳು. ಬಾಯಿ ತಡೆಯಲಿಲ್ಲ.

"ಅಮ್ಮ, ಆ ದಿನ ಜೀಪು ಸಿಕ್ಕಿತಾ?"

ಕಾವೇರಮ್ಮ ಮಂಡಿ ಎಳೆದುಕೊಂಡರು. ಎದ್ದು ಹೋಗುತ್ತಾರೆ ಎಂದು ಕುಸುಮ ಅಂದುಕೊಂಡಳು. ಅವರು ಹೋಗಲಿಲ್ಲ.

"ಜೀಪು ಇರಲಿಲ್ಲ," ಎಂದರು ಅಂಗಳವನ್ನೇ ನೋಡುತ್ತ. "ಹದಿನಾರನೆಯ ದಿನ ಬಸ್ಸಿನಲ್ಲಿ ತಂದದ್ದು ನಿನ್ನನ್ನು. ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸುವಾಗ ನೀನು ಅತ್ತೆ. ನನ್ನಲ್ಲಿ ಕೊಡಲಿಕ್ಕೆ ಹಾಲಿರಲಿಲ್ಲ."

ಮಂಡಿಯ ಮೇಲಿನ ಎಣ್ಣೆಯನ್ನು ಸೆರಗಿನಿಂದ ಒರೆಸಿಕೊಂಡು ಮತ್ತೆ ಹೇಳಿದರು:

"ಭತ್ತ ಬೇಯಿಸಿದ್ದು ನಿಜ. ಒಳಗೆ ಅಕ್ಕ ಕೂಗುತ್ತಿದ್ದಳು. ಕೇಳಲಿಕ್ಕೆ ಆಗದೆ ನಾನು ಹೊರಗೆ ಬಂದು ಒಲೆಗೆ ಬೆಂಕಿ ಹಾಕುತ್ತ ಕೂತೆ. ಹಬೆಯಲ್ಲಿ ಕಣ್ಣು ಕಾಣ್ತಿರಲಿಲ್ಲ."

"ಮತ್ತೆ ಅಮ್ಮ?" ಎಂದಳು ಕುಸುಮ. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಉತ್ತರ ಗೊತ್ತಿಲ್ಲದೆ ಕೇಳಿದ್ದಳು.

ಕಾವೇರಮ್ಮ ಗೋಡೆ ಹಿಡಿದು ನಿಧಾನವಾಗಿ ಎದ್ದರು. ಕುಸುಮ ಚಾಚಿದ ಕೈಯನ್ನು ಹಿಡಿಯಲಿಲ್ಲ.

"ಇನ್ನು ಎಂತ ಮತ್ತೆ?" ಎಂದು ಒಳಗೆ ಹೋದರು.